ರೋಬೋ ಬಿಟ್ಟುಹೋದ ಕೆಲಸ

ಬಸ್ ಕಂಡಕ್ಟರ್ ಆಗಿದ್ದವರಿಗೆ ಗ್ರಾಚ್ಯುಟಿಗಿಂತ ಮೊದಲು ಮಂಡಿನೋವು ಬರುತ್ತದೆ. ನನ್ನ ಅರ್ಧ ಸರ್ವಿಸ್ ಹಾಸನ–ಮಂಗಳೂರು ರೂಟಿನಲ್ಲೇ ಕಳೆಯಿತು. ಶಿರಾಡಿ ಘಾಟಿಯ ತಿರುವುಗಳಲ್ಲಿ ಸೊಂಟವನ್ನು ಸೀಟಿನ ಕಂಬಿಗೆ ಒರಗಿಸಿ, ಬಲಗಾಲು ಊರಿ ನಿಂತೇ ಟಿಕೆಟ್ ಕೊಡಬೇಕು. ಮಂಡಿ ಸವೆಯಲು ವಯಸ್ಸು, ತೂಕ, ವಂಶ ಎಲ್ಲವೂ ಕಾರಣ ಅಂತ ಡಾಕ್ಟರು ಹೇಳುತ್ತಾರೆ. ನಾನು ಮಾತ್ರ ಘಾಟಿಯನ್ನೇ ಬೈಯುತ್ತೇನೆ.

ಎಣ್ಣೆ, ಲೇಪ, ನೀ ಕ್ಯಾಪ್, ಮಂಡಿಗೇ ಚುಚ್ಚುವ ಇಂಜೆಕ್ಷನ್ ಎಲ್ಲ ಆಯಿತು. ಕೊನೆಕೊನೆಗೆ ರಾತ್ರಿ ಮಗ್ಗುಲು ಬದಲಿಸಿದರೂ ನೋವಿಗೆ ಎಚ್ಚರವಾಗುತ್ತಿತ್ತು. ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವೆ ಕಾಣಬೇಕಾದ ಸಂದು ಒಳಬದಿಯಲ್ಲಿ ಇರಲೇ ಇಲ್ಲ. ಕಾಲೂ ಹೊರಕ್ಕೆ ಬಾಗಿತ್ತು. ಮೊಮ್ಮಗಳ ನಾಮಕರಣದ ದಿನ ಪಂಕ್ತಿಯಲ್ಲಿ ಕೂರಲಾಗದೆ ಮೂಲೆಯಲ್ಲಿ ಟೇಬಲ್ ಹಾಕಿಸಿಕೊಂಡು ಉಂಡೆ. ಅವತ್ತೇ ಮಗ ಹಟ ಹಿಡಿದ. ಆಪರೇಷನ್ ಮಾಡಿಸಲೇಬೇಕು, ಅದೂ ರೋಬೋದಲ್ಲೇ.

ರೋಬೋ ಅಂದರೆ ಯಂತ್ರವೇ ಬಂದು ಕಾಲು ಕೊಯ್ಯುತ್ತದೆ ಅಂದುಕೊಂಡು ನನ್ನ ಹೆಂಡತಿ ದೇವರಿಗೆ ಹರಕೆ ಹೊತ್ತಿದ್ದಳು. ನನಗೆ ಮಾಡಿದ್ದು ಹಾಗಲ್ಲ. ಮೊದಲು ಸಿ.ಟಿ. ಸ್ಕ್ಯಾನ್ ತೆಗೆದು, ನನ್ನ ಮೂಳೆಯನ್ನೇ ಕಂಪ್ಯೂಟರಿನ ಪರದೆ ಮೇಲೆ ತಿರುಗಿಸಿ ತೋರಿಸಿದರು. ಎಲ್ಲಿ ಎಷ್ಟು ಮಿಲಿಮೀಟರ್ ಕೊಯ್ಯಬೇಕು, ಬಾಗಿದ ಕಾಲನ್ನು ಎಷ್ಟು ನೆಟ್ಟಗೆ ಮಾಡಬೇಕು ಎಲ್ಲ ಅಲ್ಲೇ ಲೆಕ್ಕ. ಗರಗಸ ಯಂತ್ರದ ತೋಳಿನಲ್ಲಿರುತ್ತದೆ, ಅದನ್ನು ನಡೆಸುವ ಕೈ ಡಾಕ್ಟರದು. ಗುರುತು ಹಾಕಿದ ಗೆರೆ ದಾಟಲು ಹೋದರೆ ಯಂತ್ರ ತಡೆಯುತ್ತದೆ. ಕಾಲು ಎಲ್ಲಿದೆ ಅಂತ ಕ್ಯಾಮೆರಾಕ್ಕೆ ತಿಳಿಯಲು ತೊಡೆಮೂಳೆಗೂ ಮೊಣಕಾಲ ಕೆಳಗಿನ ಮೂಳೆಗೂ ಪಿನ್ನು ಕೂರಿಸುತ್ತಾರೆ. ಆ ಪಿನ್ನುಗಳ ಗಾಯ ಬೇರೆ. ಇದನ್ನು ಮಾತ್ರ ಯಾರೂ ಮೊದಲು ಹೇಳಿರಲಿಲ್ಲ.

ದುಡ್ಡಿನ ಮಾತು ಇಲ್ಲೇ ಮುಗಿಸುತ್ತೇನೆ. ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು. ಹೆಚ್ಚಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ ನಿಗದಿಯಾದದ್ದು 54,720 ರೂಪಾಯಿ, ಜಿಎಸ್‌ಟಿ ಬೇರೆ. ಆ ಮಿತಿ ಮಂಡಿಗಷ್ಟೇ, ರೋಬೋಗಿಲ್ಲ. ನಮ್ಮ ಬಿಲ್ಲಿನಲ್ಲಿ ರೋಬೋ ಬಾಬ್ತು ಬೇರೆಯೇ ಸಾಲಿನಲ್ಲಿತ್ತು. ಇನ್ಶೂರೆನ್ಸಿನವರು ಅದಕ್ಕೆ ಇಷ್ಟೇ ಅಂತ ಕೈ ಎತ್ತಿದರು. ಉಳಿದದ್ದನ್ನು ಮಗ ಕಟ್ಟಿದ. ನನ್ನೆದುರು ಬಾಯಿ ಬಿಡಲಿಲ್ಲ.

ಆಪರೇಷನ್ ಹೊತ್ತಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದರು. ಅರೆ ಮಂಪರಿನಲ್ಲಿ ಬಡಗಿಯ ಅಂಗಡಿಯೊಳಗೆ ಮಲಗಿದ ಹಾಗಿತ್ತು: ಗರಗಸದ ಸದ್ದು, ಆಮೇಲೆ ಸುತ್ತಿಗೆ. ರೋಬೋ ಇದ್ದರೂ ಲೋಹದ ಮಂಡಿ ಕೂರಿಸಲು ಸುತ್ತಿಗೆ ಏಟು ಬೇಕೇ ಬೇಕು. ಅದೇ ಸಂಜೆ ವಾಕರ್ ಹಿಡಿಸಿ ನಾಲ್ಕು ಹೆಜ್ಜೆ ನಡೆಸಿದರು. ನೋವೇ ಇಲ್ಲ. ಊರಿಗೆಲ್ಲ ಫೋನ್ ಮಾಡಿ ಜಂಬ ಕೊಚ್ಚಿದೆ.

ನೋವಿಲ್ಲದ್ದು ನರಕ್ಕೆ ಕೊಟ್ಟಿದ್ದ ಬ್ಲಾಕಿನಿಂದ. ಅದು ಇಳಿಯಿತು. ಆ ರಾತ್ರಿಯನ್ನು ವರ್ಣಿಸಿ ಯಾರನ್ನೂ ಹೆದರಿಸುವುದು ಬೇಡ. ಹೊದಿಕೆ ತಾಗಿದರೂ ಕಿರುಚುವಂತಿತ್ತು ಅಂದರೆ ಸಾಕು. ಮಂಡಿ ಎರಡರಷ್ಟು ಊದಿ, ತೊಡೆಯಿಂದ ಮೀನಖಂಡದವರೆಗೆ ನೇರಳೆ ಬಣ್ಣಕ್ಕೆ ತಿರುಗಿತ್ತು.

ಅಂಥ ಕಾಲನ್ನೇ ಮಡಚಬೇಕು! ಮಡಚದೆ ಬಿಟ್ಟರೆ ಒಳಗಿನ ಗಾಯ ಬಿಗಿದು ಕೀಲು ಹಾಗೇ ಗಟ್ಟಿಯಾಗುತ್ತದೆ. ಫಿಸಿಯೋ ಮಾಡಿಸಲು ಬರುತ್ತಿದ್ದ ಹುಡುಗಿ ನನ್ನನ್ನು ಮಂಚದ ಅಂಚಿನಲ್ಲಿ ಕೂರಿಸಿ, ಹಿಮ್ಮಡಿ ಹಿಡಿದು ಮೆಲ್ಲಗೆ ಹಿಂದಕ್ಕೆ ಒತ್ತುತ್ತಿದ್ದಳು.

"ಅಂಕಲ್, ಇನ್ನೊಂಚೂರು."

"ಬಿಡಮ್ಮಾ, ನಿಮ್ಮಪ್ಪನ ವಯಸ್ಸು ನಂದು."

"ನಮ್ಮಪ್ಪನಿಗೂ ಹಿಂಗೇ ಒತ್ತತಿದ್ದೆ ಅಂಕಲ್."

ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿಯೊಂದು ಅವಳ ಬ್ಯಾಗಿನಲ್ಲಿರುತ್ತಿತ್ತು. ಎಪ್ಪತ್ತು ಡಿಗ್ರಿಗೆ ಬಂದು ನನ್ನ ಕಾಲು ನಿಂತುಬಿಟ್ಟಿತು. ಮೆಟ್ಟಿಲು ಹತ್ತಿಳಿಯಲು, ಕುರ್ಚಿಯಿಂದ ಕೈ ಊರದೆ ಏಳಲು ತೊಂಬತ್ತಾದರೂ ದಾಟಬೇಕು. ಐಸ್ ಇಟ್ಟುಕೊಂಡು ಹಲ್ಲು ಕಚ್ಚಿ ಕೂತೆ. ಒಂದು ದಿನ ಸಿಟ್ಟು ಬಂದು ವಾಕರನ್ನು ಗೋಡೆಗೆ ಎಸೆದೆ. ಹೆಂಡತಿ ಏನೂ ಅನ್ನದೆ ಅದನ್ನು ತಂದು ಮತ್ತೆ ಮಂಚದ ಪಕ್ಕ ಇಟ್ಟು, "ಏಳ್ರೀ, ಅವಳು ಬರೋ ಹೊತ್ತಾಯ್ತು" ಅಂದಳು. ಆಸ್ಪತ್ರೆಯ ಜಾಹೀರಾತಿನಲ್ಲಿ ರೋಬೋ ಇತ್ತು, ನಗುವ ಮುದುಕರಿದ್ದರು. ಈ ತಿಂಗಳುಗಳು ಇರಲಿಲ್ಲ. ಡಿಸ್ಚಾರ್ಜ್ ಆದ ಮೇಲೆ ಫಿಸಿಯೋದವರನ್ನು ನಾವೇ ಹುಡುಕಿಕೊಳ್ಳಬೇಕಾಯಿತು ಅನ್ನುವುದು ನನ್ನ ದೂರು.

ಈಗ ಕಾಲು ನೆಟ್ಟಗಿದೆ, ನೂರಹತ್ತರವರೆಗೆ ಮಡಚುತ್ತದೆ. ರಾತ್ರಿ ನಿದ್ದೆ ಬರುತ್ತದೆ. ಗಾಯದ ಹೊರಮಗ್ಗುಲಲ್ಲಿ ಅಂಗೈಯಗಲ ಸ್ಪರ್ಶವೇ ತಿಳಿಯುವುದಿಲ್ಲ. ಮೆಟ್ರೋ ಸ್ಟೇಷನ್ನಿನ ತಪಾಸಣೆ ಬಾಗಿಲು ನನ್ನನ್ನು ಕಂಡರೆ ಕೂಗುತ್ತದೆ. ನೆಲದ ಮೇಲೆ ಕೂರಬೇಡಿ ಅಂದಿದ್ದಾರೆ, ಹಾಗಾಗಿ ಪಂಕ್ತಿಯೂಟ ಇನ್ನಿಲ್ಲ. ರೋಬೋ ಇಲ್ಲದೆ ಮಾಡಿದ್ದರೆ ಹೇಗಿರುತ್ತಿತ್ತು ಎಂದು ಡಾಕ್ಟರನ್ನೇ ಕೇಳಿದೆ. ರೋಬೋದಲ್ಲಿ ಕೊಯ್ತ ಇನ್ನೂ ಕರಾರುವಾಕ್ಕಾಗುತ್ತದೆ, ಆದರೆ ಕೈಯಲ್ಲಿ ಚೆನ್ನಾಗಿ ಮಾಡಿದ ಮಂಡಿಗಳೂ ವರ್ಷಗಟ್ಟಲೆ ನಡೆಯುತ್ತಿವೆ ಅಂದರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು.

ಎಡ ಮಂಡಿಯ ಸರದಿಯೂ ಬರುವ ಹಾಗಿದೆ. ಈ ಸಲ ರೋಬೋ ಇದ್ದರೆ ಇರಲಿ, ಇಲ್ಲದಿದ್ದರೆ ಬೇಡ. ನೀವೂ ಮುಂಗಡ ಕಟ್ಟುವ ಮೊದಲು ಕೌಂಟರಿನಲ್ಲಿ ಎರಡು ಮಾತು ಕೇಳಿಕೊಳ್ಳಿ: ಮನೆಗೆ ಹೋದ ಮೇಲೆ ಮಂಡಿ ಮಡಚಿಸಲು ಯಾರು ಬರುತ್ತಾರೆ, ಅವರ ಫೀಸು ಈ ಪ್ಯಾಕೇಜಿನಲ್ಲಿ ಇದೆಯೋ ಇಲ್ಲವೋ.