ಮೊದಲು ಮುಚ್ಚಳ ತೆಗೆಯಿರಿ

ಹಳೆಯ ಕಂಪ್ಯೂಟರ್ ಇಟ್ಟುಕೊಂಡವರಿಗೆ ಬುದ್ಧಿ ಹೇಳುವವರಿಗೆ ಯಾವ ಊರಿನಲ್ಲೂ ಬರವಿಲ್ಲ. ಮನೆಯ ಮಕ್ಕಳು 'ಬಿಸಾಕಿ, ಲ್ಯಾಪ್‌ಟಾಪ್ ತಗೊಳ್ಳಿ' ಅನ್ನುತ್ತಾರೆ. ಆಫೀಸಿನ ಹುಡುಗರು 'ಒಂದ್ಸಲ ಫಾರ್ಮ್ಯಾಟ್ ಹೊಡೆಸಿ ಸಾರ್' ಅನ್ನುತ್ತಾರೆ. ಅಹಮದಾಬಾದಿನ ರಿಲೀಫ್ ರೋಡಿನಲ್ಲಿ ನನಗೆ ಪರಿಚಯದ ಒಬ್ಬ ಅಂಗಡಿಯ ಕಾಕಾ ಮಾತ್ರ ಬೆಲೆ, ಕಂಪನಿ ಯಾವುದನ್ನೂ ಎತ್ತದೆ ಮೊದಲು ಕೇಳುವುದು ಇಷ್ಟು: "ಆಮಾ ಶುಂ ಕಾಮ್ ಕರೋ ಛೋ, ಭಾಯಿ?" ಇದರಲ್ಲಿ ಏನು ಕೆಲಸ ಮಾಡ್ತೀರಿ ಅಂತ. ಹಳೆಯ ಡೆಸ್ಕ್‌ಟಾಪಿಗೆ ಹೊಸ ಭಾಗ ಹಾಕಿಸಬೇಕೋ ಬೇಡವೋ ಎಂಬ ವಿದ್ಯೆಯಲ್ಲಿ ಮುಕ್ಕಾಲು ಪಾಲು ಈ ಪ್ರಶ್ನೆಯಲ್ಲೇ ಮುಗಿಯುತ್ತದೆ ಎಂದು ನಾನು ನಂಬಿದ್ದೇನೆ.

ಗುಜರಾತಿನಲ್ಲಿ ಈ ಪ್ರಶ್ನೆಗೆ ಪದೇ ಪದೇ ಬರುವ ಉತ್ತರ ಟ್ಯಾಲಿ, ಲೆಕ್ಕ ಬರೆಯುವ ತಂತ್ರಾಂಶ. ಕಾಲುಪುರದ ಅಕ್ಕಿ ವ್ಯಾಪಾರಿಯದೂ ಅದೇ, ಮಸ್ಕತಿ ಮಾರ್ಕೆಟಿನ ಬಟ್ಟೆ ವ್ಯಾಪಾರಿಯದೂ ಅದೇ, ಸೂರತ್‌ನ ರಿಂಗ್ ರೋಡಿನ ಸೀರೆ ದಲಾಲರದೂ ಅದೇ. ಈ ಟ್ಯಾಲಿ ನಮ್ಮ ಬೆಂಗಳೂರಿನದು ಎಂದರೆ ಇಲ್ಲಿ ಹಲವರು ಹುಬ್ಬೇರಿಸುತ್ತಾರೆ. ಬಟ್ಟೆ ಗಿರಣಿಗಳಿಗೆ ಯಂತ್ರದ ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಸೇರಿ 1986ರಲ್ಲಿ ಶುರುಮಾಡಿದ ಕಂಪನಿ ಅದು. ಲೆಕ್ಕಕ್ಕೆ ಇಲ್ಲಿ ಪೂಜೆಯೂ ಸಲ್ಲುತ್ತದೆ; ದೀಪಾವಳಿಗೆ ಚೋಪಡಾ ಪೂಜೆ ನಡೆಯುತ್ತದೆ. ಕೆಂಪು ಬಟ್ಟೆಯ ಹೊದಿಕೆಯ ಲೆಕ್ಕದ ಪುಸ್ತಕಕ್ಕೆ ಕುಂಕುಮವಿಟ್ಟು 'ಶುಭ ಲಾಭ' ಬರೆದು ಹೊಸ ವರ್ಷದ ವ್ಯವಹಾರ ತೆರೆಯುತ್ತಾರೆ. ಈಗ ಪುಸ್ತಕದ ಪಕ್ಕದಲ್ಲಿ ಕಂಪ್ಯೂಟರಿಗೂ ಕುಂಕುಮ ಬೀಳುತ್ತದೆ. ಹಾಗೆ ಪೂಜೆ ಮಾಡಿದ ಯಂತ್ರವನ್ನು, ಕೆಡದೆ ಇರುವಾಗ, ಬರೀ ನಿಧಾನವಾಯಿತು ಎಂಬ ಕಾರಣಕ್ಕೆ ಗುಜರಿಗೆ ಹಾಕಲು ಇಲ್ಲಿನವರಿಗೆ ಮನಸ್ಸು ಬರುವುದಿಲ್ಲ. ನನಗೂ ಬರುವುದಿಲ್ಲ.

ಇಂಥ ಯಂತ್ರಗಳಲ್ಲಿ ಹೆಚ್ಚಿನವು 2012, 2013ರ ಆಸುಪಾಸಿನಲ್ಲಿ ಅಂಗಡಿಯಲ್ಲೇ ಜೋಡಿಸಿಕೊಟ್ಟವು. ಒಳಗೆ ಎಚ್61 ಮದರ್‌ಬೋರ್ಡು, ಎರಡನೇ ಅಥವಾ ಮೂರನೇ ಪೀಳಿಗೆಯ ಐ3, ಎರಡು ಇಲ್ಲವೇ ನಾಲ್ಕು ಜಿಬಿ ರ‍್ಯಾಮ್, 500 ಜಿಬಿಯ ಹಾರ್ಡ್‌ಡಿಸ್ಕು. ಮಣಿನಗರದಲ್ಲಿ ಹೋಟೆಲು ನಡೆಸುವ ನಮ್ಮ ಕರಾವಳಿಯವರೊಬ್ಬರ ಗಲ್ಲಾದ ಮೇಲಿದ್ದದ್ದೂ ಇದೇ ತಳಿ. "ಎಂಥದು ಹೇಳುವುದು ಮಾರಾಯ್ರೆ, ಬೆಳಿಗ್ಗೆ ಸ್ವಿಚ್ ಹಾಕಿ ಮೊದಲ ಬಿಲ್ಲು ಬರುವಷ್ಟರಲ್ಲಿ ಗಿರಾಕಿ ಇಡ್ಲಿ ತಿಂದು ಕೈ ತೊಳೆದು ಎದುರು ನಿಂತಾಗಿರ್ತದೆ" ಎಂದು ಅವರು ಅಲವತ್ತುಕೊಂಡರು. ಹೊಸದಕ್ಕೆ ಕೊಟೇಶನ್ನೂ ತರಿಸಿಟ್ಟಿದ್ದರು.

ಅವರ ಯಂತ್ರದಲ್ಲಿ ಯೋಚಿಸುವ ಭಾಗಕ್ಕೆ ಏನೂ ಆಗಿರಲಿಲ್ಲ. ಹಾರ್ಡ್‌ಡಿಸ್ಕಿನೊಳಗೆ ತಟ್ಟೆ ತಿರುಗುತ್ತದೆ, ನಿಮಿಷಕ್ಕೆ 7200 ಸುತ್ತು. ಕೇಳಿದರೆ ಬಹಳ ವೇಗ ಅನ್ನಿಸುತ್ತದೆ. ಆದರೆ ಒಂದು ಸುತ್ತಿಗೆ ಎಂಟು ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. ಅದರ ಮೇಲೆ ಓದುವ ಮುಳ್ಳು ಒಂದು ಜಾಗದಿಂದ ಇನ್ನೊಂದಕ್ಕೆ ಸರಿಯಲು ಅಷ್ಟೇ ಹೊತ್ತು ಬೇಕು. ಬೇರೆ ಬೇರೆ ಕಡೆ ಚದುರಿರುವ ಸಣ್ಣ ಕಡತಗಳನ್ನು ಓದಬೇಕಾದಾಗ ಅದು ಸೆಕೆಂಡಿಗೆ ನೂರು ಸಲ ಓದಿದರೆ ದೊಡ್ಡದು. ವಿಂಡೋಸ್ ಏಳುವಾಗ ಓದುವುದೆಲ್ಲ ಅಂಥ ಚದುರಿದ ಕಡತಗಳನ್ನೇ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಮುಳ್ಳೂ ಇಲ್ಲ. ಸೆಕೆಂಡಿಗೆ ಸಾವಿರಾರು ಸಲ ಓದುತ್ತದೆ. ಎಚ್61ರಲ್ಲಿ ಸಾಟಾ ದಾರಿ ಹಳೆಯದು, ಹೊಸ ಎಸ್‌ಎಸ್‌ಡಿಯ ಪೂರ್ತಿ ವೇಗ ಅಲ್ಲಿ ಹರಿಯುವುದಿಲ್ಲ, ಅರ್ಧ ಮಾತ್ರ. ಅದರಿಂದ ನಷ್ಟವೇನಿಲ್ಲ, ಏಕೆಂದರೆ ನಮ್ಮ ತೊಂದರೆ ಇದ್ದದ್ದು ಹುಡುಕಾಟದಲ್ಲಿ. 240 ಜಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿ, ಹಳೆಯ ಡಿಸ್ಕನ್ನು ಇದ್ದ ಹಾಗೇ ಅದಕ್ಕೆ ಕ್ಲೋನ್ ಮಾಡಿದ ಮೇಲೆ ಹೋಟೆಲಿನವರು ಕೊಟೇಶನ್ ಹರಿದು ಹಾಕಿದರು. ಒಂದು ಎಚ್ಚರಿಕೆ: ಇಂಥ ಬೋರ್ಡಿಗೆ ಎನ್‌ವಿಎಂಇ ಎಸ್‌ಎಸ್‌ಡಿಯನ್ನು ಅಡಾಪ್ಟರ್ ಕಾರ್ಡಿನಲ್ಲಿ ಸಿಕ್ಕಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಬೇಡವೆನ್ನಿ. ಅದರಿಂದ ವಿಂಡೋಸ್ ಏಳಿಸುವುದು ಈ ಹಳೆಯ ಬಯೋಸಿಗೆ ಗೊತ್ತಿಲ್ಲ.

ಆದರೆ ನಿಧಾನಕ್ಕೆಲ್ಲ ಡಿಸ್ಕೇ ಕಾರಣವಲ್ಲ. ಸೂರತ್‌ಗೆ ಹೋದರೆ ಕಥೆ ಬೇರೆ. ಹುಬ್ಬಳ್ಳಿ, ದಾವಣಗೆರೆಯ ಜವಳಿ ಅಂಗಡಿಗಳಿಗೆ ಮೂಟೆಗಟ್ಟಲೆ ಬರುವ ಸೀರೆಗಳ ಊರು ಅದು. ಮಗ್ಗದ ಶೆಡ್ಡಿಗೆ ಅಂಟಿಕೊಂಡೇ ಒಂದು ಸಣ್ಣ ಕೋಣೆ, ಅದರಲ್ಲಿ ಡಿಸೈನ್ ಕೂರಿಸುವ ಹುಡುಗ, ಅವನ ಕಾಲ ಬಳಿ ನೆಲದ ಮೇಲೆ ಸಿಪಿಯು. ಅಲ್ಲಿ ಒಂದು ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದಾಗ ನನಗೆ ಪ್ರೊಸೆಸರಿನ ಫ್ಯಾನ್ ಇರಬೇಕಾದ ಕಡೆ ಬೂದುಬಣ್ಣದ ಒಂದು ಉಂಡೆ ಕಾಣಿಸಿತು. ಫ್ಯಾನ್ ತೆಗೆದು ನೋಡಿದರೆ ಹೀಟ್‌ಸಿಂಕಿನ ಅಲ್ಯುಮಿನಿಯಂ ಎಸಳುಗಳ ಮೇಲೆ ನೂಲಿನ ಧೂಳು ಹೆಪ್ಪುಗಟ್ಟಿ ಕೂತಿತ್ತು; ಸ್ಕ್ರೂಡ್ರೈವರಿನ ತುದಿಯಲ್ಲಿ ಎತ್ತಿದರೆ ಕಂಬಳಿಯ ತುಂಡಿನಂತೆ ಇಡಿಯಾಗಿ ಎದ್ದು ಬಂತು. ಕೆಳಗಿದ್ದ, ಶಾಖ ದಾಟಿಸುವ ಪೇಸ್ಟು ಒಣಗಿ ಸುಣ್ಣದ ಪುಡಿಯಾಗಿತ್ತು. ಶಾಖ ನೂರು ಡಿಗ್ರಿಯ ಹತ್ತಿರ ಹೋದಾಗ ಪ್ರೊಸೆಸರು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಅಂಥ ಯಂತ್ರಕ್ಕೆ ಐ3 ತೆಗೆದು ಐ7 ಹಾಕಿದರೂ ಅದೂ ಹಾಗೇ ತೆವಳುತ್ತದೆ. ಬ್ಲೋವರು, ಬ್ರಷ್ಷು, ಕಡಲೆಕಾಳಿನಷ್ಟು ಹೊಸ ಪೇಸ್ಟು: ಅಲ್ಲಿ ಬೇಕಾಗಿದ್ದದ್ದು ಅಷ್ಟೇ.

ಸೂರತ್‌ನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅಲ್ಲಿ ಹಲವು ಹಳೆಯ ಎಂಬ್ರಾಯಿಡರಿ ಮಶೀನುಗಳು ಡಿಸೈನನ್ನು ಫ್ಲಾಪಿಯಿಂದ ಓದುವಂಥವು. ಮಶೀನು ಗಟ್ಟಿಮುಟ್ಟು, ದಿನವಿಡೀ ಹೊಲಿಯುತ್ತದೆ. ಫ್ಲಾಪಿ ಮಾತ್ರ ಸಿಗುವುದಿಲ್ಲ. ಫ್ಲಾಪಿ ಡ್ರೈವಿನ ಜಾಗಕ್ಕೆ ಅದೇ ಅಳತೆಯ ಒಂದು ಡಬ್ಬಿ ಬರುತ್ತದೆ, ಅದರ ಮುಖಕ್ಕೆ ಪೆನ್‌ಡ್ರೈವ್ ಚುಚ್ಚಿದರೆ ಮಶೀನು ಅದನ್ನೇ ಫ್ಲಾಪಿ ಎಂದು ತಿಳಿದು ಓದುತ್ತದೆ. ಲಕ್ಷಾಂತರ ರೂಪಾಯಿಯ ಯಂತ್ರ ಒಂದು ಸಣ್ಣ ಡಬ್ಬಿಯಿಂದ ಉಳಿದುಕೊಳ್ಳುತ್ತದೆ. ನನಗೆ ಇದಕ್ಕಿಂತ ಒಳ್ಳೆಯ ಅಪ್‌ಗ್ರೇಡ್ ಬೇರೆ ಗೊತ್ತಿಲ್ಲ.

ಅಹಮದಾಬಾದಿಗೆ ನೂಲಿನ ಧೂಳಿಗಿಂತ ಬಿಸಿಲಿನ ಕಾಟ. 2016ರ ಮೇ 20ರಂದು ಇಲ್ಲಿ 48 ಡಿಗ್ರಿ ದಾಖಲಾಗಿತ್ತು. ಕೋಣೆಯೇ ನಲವತ್ತು ಡಿಗ್ರಿ ಇರುವಾಗ ಎಲ್ಲಕ್ಕಿಂತ ಮೊದಲು ಸೋಲುವುದು ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆ ಕರೆಂಟು ಕೊಡುವ ಪೆಟ್ಟಿಗೆ. ಜನ ಎಲ್ಲದಕ್ಕೂ ದುಡ್ಡು ಕೊಟ್ಟು ಇದೊಂದಕ್ಕೆ ಕೈ ಬಿಗಿ ಹಿಡಿಯುತ್ತಾರೆ, ನನಗೆ ಸಂಕಟವಾಗುವುದು ಇಲ್ಲೇ. ಕಾಕಾ ಎಸ್‌ಎಂಪಿಎಸ್ಸನ್ನು ಮೊದಲು ಅಂಗೈಯಲ್ಲಿಟ್ಟು ತೂಗುತ್ತಾರೆ. ಹಗುರವಾದದ್ದನ್ನು ಮಾತಿಲ್ಲದೆ ಪಕ್ಕಕ್ಕಿಡುತ್ತಾರೆ. ಆಮೇಲೆ ಲೇಬಲ್ಲಿನ ಮೇಲೆ ಬೆರಳಿಟ್ಟು 12 ವೋಲ್ಟಿನ ಸಾಲು ಓದಿಸುತ್ತಾರೆ. ದೊಡ್ಡ ಅಕ್ಷರದಲ್ಲಿ 450 ವಾಟ್ ಎಂದಿರುತ್ತದೆ, 12 ವೋಲ್ಟಿನ ಮುಂದೆ 16 ಆಂಪಿಯರ್ ಎಂದಿರುತ್ತದೆ. ಗುಣಿಸಿ ನೋಡಿ, 192 ವಾಟ್. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಬದುಕುವುದು ಆ ಸಾಲಿನ ಮೇಲೆಯೇ. ಹಳೆಯ ಎಸ್‌ಎಂಪಿಎಸ್ ಇಟ್ಟುಕೊಂಡು ಹೊಸ ಕಾರ್ಡ್ ಹಾಕಿಸಿದರೆ, ಅದು ಹೋಗುವಾಗ ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು.

ಇದರ ಜೊತೆಗೇ ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ ಬದಲಿಸಿ. ಅದು ಸತ್ತರೆ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ, ತಾರೀಖು ತಪ್ಪಿದರೆ ಬ್ಯಾಂಕಿನ ಪುಟವೂ ಜಿಎಸ್‌ಟಿ ಪೋರ್ಟಲೂ ಸುರಕ್ಷಿತವಲ್ಲ ಎಂದು ಬಾಗಿಲು ಹಾಕಿಕೊಳ್ಳುತ್ತವೆ. ಇಂಟರ್ನೆಟ್ ಕೆಟ್ಟಿದೆ ಎಂದು ಕೇಬಲ್ಲಿನವರಿಗೆ ಫೋನ್ ಮಾಡುವ ಎಷ್ಟೋ ಮನೆಗಳಲ್ಲಿ ಸೋತಿರುವುದು ಈ ಸೆಲ್.

ರ‍್ಯಾಮಿನ ಮಾತು ಬಂದರೆ ಸಾಣಂದದ ಮಾತೂ ಬರಬೇಕು. ಅಹಮದಾಬಾದಿನ ಪಕ್ಕದ ಈ ಊರು ಮೊದಲು ಸುದ್ದಿಯಾದದ್ದು ಟಾಟಾ ನ್ಯಾನೋ ಕಾರಿನಿಂದ. ಈಗ ಅಲ್ಲಿ ಮೆಮೊರಿ ಚಿಪ್ ಜೋಡಿಸಿ ಪರೀಕ್ಷಿಸುವ ಮೈಕ್ರಾನ್ ಕಾರ್ಖಾನೆ. 22,516 ಕೋಟಿ ರೂಪಾಯಿಯ ಯೋಜನೆ, 2023ರಲ್ಲಿ ಭೂಮಿಪೂಜೆ ಆದದ್ದು. ಅಲ್ಲೇ ಕೇನ್ಸ್ ಸೆಮಿಕಾನ್ ಕೂಡ ಇದೆ, 3,300 ಕೋಟಿಯ ಆ ಘಟಕಕ್ಕೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಕೇನ್ಸ್ ನಮ್ಮ ಮೈಸೂರಿನ ಕಂಪನಿ. ಕರ್ನಾಟಕದ ನಂಟು ಇಲ್ಲಿಗೆ ಹೊಸದಲ್ಲ: ನಮ್ಮ ಅದಮಾರಿನ ವಿಜ್ಞಾನಿ ಯು. ಆರ್. ರಾವ್ ಅಹಮದಾಬಾದಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಗೆ ಬಂದು ವಿಕ್ರಂ ಸಾರಾಭಾಯಿ ಅವರ ಬಳಿ ಪಿಎಚ್‌ಡಿ ಮಾಡಿದರು. ಆಮೇಲೆ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹ ಕಟ್ಟಿಸಿ 1975ರಲ್ಲಿ ಹಾರಿಸಿದರು. ಕರ್ನಾಟಕಕ್ಕೂ ಈ ಊರಿಗೂ ಇರುವ ನಂಟು ಬರೀ ಇಡ್ಲಿ ದೋಸೆಯದಲ್ಲ ಎಂದು ಹೇಳುವ ಅವಕಾಶ ಸಿಕ್ಕಿದರೆ ನಾನು ಬಿಡುವವನಲ್ಲ.

ಸರಿ, ರ‍್ಯಾಮ್. ಪಕ್ಕದಲ್ಲೇ ಕಾರ್ಖಾನೆ ಬಂದರೂ ಬೆಲೆ ಇಳಿದಿಲ್ಲ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರುಗಳ ಹಸಿವಿನಿಂದ ಲೋಕದೆಲ್ಲೆಡೆ ಮೆಮೊರಿ ದುಬಾರಿಯಾಯಿತು. ಎಚ್61ಕ್ಕೆ ಬೇಕಾದದ್ದು ಹಳೆಯ ಡಿಡಿಆರ್3. ಅದು ಸೆಕೆಂಡ್‌ಹ್ಯಾಂಡಿನಲ್ಲಿ ಇನ್ನೂ ಸಿಗುತ್ತದೆ. ನಾಲ್ಕು ಜಿಬಿಯ ಒಂದೇ ತೆರನ ಎರಡು ಪಟ್ಟಿ ಹಾಕಿದರೆ ಲೆಕ್ಕ, ಬ್ರೌಸರ್, ಪತ್ರವ್ಯವಹಾರ ಎಲ್ಲಕ್ಕೂ ಸಾಕು. ತೀರಾ ಅಗ್ಗಕ್ಕೆ ಕೊಟ್ಟರೆ ಮಾತ್ರ ತಿರುಗಿಸಿ ನೋಡಿ, ಎಎಂಡಿ ಬೋರ್ಡಿಗೆ ಮಾತ್ರ ಒಗ್ಗುವ ಪಟ್ಟಿಗಳೂ ಬಜಾರಿನಲ್ಲಿವೆ, ಇಂಟೆಲ್‌ನಲ್ಲಿ ಅವು ಏಳುವುದಿಲ್ಲ. ಪ್ರೊಸೆಸರ್ ಬದಲಿಸುವ ಆಸೆಯಿದ್ದರೆ ಅದೇ ಸಾಕೆಟ್ಟಿಗೆ 2012ರ ಐ5-3470, ಐ7-3770 ಕೂರುತ್ತವೆ. ಆದರೆ ಹಳೆಯದು ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿ ಆಮೇಲೆ ಕೈ ಹಾಕಿ.

ವಡೋದರಾದಲ್ಲಿ ನನ್ನ ಸಲಹೆ ಬದಲಾಗುತ್ತದೆ. ಮಕರಪುರಾ ಜಿಐಡಿಸಿ ಕೈಗಾರಿಕಾ ಪ್ರದೇಶದ ವರ್ಕ್‌ಶಾಪಿನಲ್ಲಿ ದೊಡ್ಡ ದೊಡ್ಡ ಡ್ರಾಯಿಂಗ್ ತೆರೆಯುವವರಿಗೆ, ವಿಡಿಯೊ ಎಡಿಟ್ ಮಾಡುವ ವಿದ್ಯಾರ್ಥಿಗಳಿಗೆ ಈ ಹಳೆಯ ಬೋರ್ಡಿನ ಮೇಲೆ ಇನ್ನೊಂದು ರೂಪಾಯಿ ಹಾಕಬೇಡಿ ಎನ್ನುತ್ತೇನೆ. ಅಲ್ಲಿ ಬೋರ್ಡು, ಪ್ರೊಸೆಸರ್, ರ‍್ಯಾಮ್ ಮೂರೂ ಒಟ್ಟಿಗೆ ಬದಲಾಗಬೇಕು. ಕ್ಯಾಬಿನೆಟ್ಟು, ಮಾನಿಟರು, ಎಸ್‌ಎಸ್‌ಡಿ ಉಳಿಸಿಕೊಳ್ಳಬಹುದು. ವಡೋದರಾದಲ್ಲಿ ನೀರಿನ ಭಯವೂ ಇದೆ; 2024ರ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿ ಬೀದಿಗೆ ಮೊಸಳೆ ಬಂದ ಊರು ಅದು. ಸೂರತ್ 2006ರ ಆಗಸ್ಟಿನಲ್ಲಿ ತಾಪಿಯ ನೀರಿನಲ್ಲಿ ಮುಳುಗಿತ್ತು. ಎರಡೂ ಊರಿನಲ್ಲಿ ಸಿಪಿಯುವನ್ನು ನೆಲದ ಮೇಲಿಡುವ ಅಭ್ಯಾಸ ಇನ್ನೂ ಇದೆ. ಒಂದು ಸ್ಟೂಲು ಕೂಡ ಅಪ್‌ಗ್ರೇಡೇ. ನೀರು ಹೊಕ್ಕ ಯಂತ್ರಕ್ಕೆ, ಹೊರಗೆ ಒಣಗಿದಂತೆ ಕಂಡರೂ, ಬಿಚ್ಚಿ ನೋಡದೆ ಕರೆಂಟು ಕೊಡಬೇಡಿ.

ಇನ್ನು ವಿಂಡೋಸಿನ ಸಂಗತಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವುದು ಇಂಟೆಲ್‌ನ ಎಂಟನೇ ಪೀಳಿಗೆ ಮತ್ತು ಟಿಪಿಎಂ 2.0, ನಮ್ಮ ಎಚ್61ರಲ್ಲಿ ಎರಡೂ ಇಲ್ಲ. ಕೆಲಸ ಮಾಡುತ್ತಿರುವ ಯಂತ್ರವನ್ನು ಹೀಗೆ ಕಾಗದದ ಮೇಲೆ ಮುದಿಮಾಡುವುದು ನನಗೆ ಒಪ್ಪಿಗೆಯಿಲ್ಲ. ಓದು, ಬರಹ, ಯೂಟ್ಯೂಬು, ಮಕ್ಕಳ ಪಾಠ ಇಷ್ಟೇ ಇದ್ದರೆ ಲಿನಕ್ಸ್ ಮಿಂಟ್ ಹಾಕಿ. ಎಸ್‌ಎಸ್‌ಡಿ ಮೇಲೆ ಅದು ಚುರುಕಾಗಿ ಓಡುತ್ತದೆ, ಕನ್ನಡವನ್ನೂ ಚೆನ್ನಾಗಿ ತೋರಿಸುತ್ತದೆ. ಟ್ಯಾಲಿಯವರಿಗೆ ವಿಂಡೋಸ್ ಬೇಕೇ ಬೇಕು. ಹೆಚ್ಚುವರಿ ಸುರಕ್ಷಾ ಅಪ್‌ಡೇಟಿಗೆ ಹೆಸರು ನೋಂದಾಯಿಸಿ 2026ರ ಅಕ್ಟೋಬರಿನವರೆಗೆ ಕಾಲ ತಳ್ಳಬಹುದು, ಆಮೇಲೆ ಹಣದ ವ್ಯವಹಾರವನ್ನು ಹೊಸ ಯಂತ್ರಕ್ಕೆ ಸಾಗಿಸುವುದೇ ಸರಿ.

ತೆಗೆದ ಹಳೆಯ ಡಿಸ್ಕನ್ನು ಏನು ಮಾಡುತ್ತೀರಿ ಎಂಬುದು ನನಗೆ ಎಲ್ಲಕ್ಕಿಂತ ಮುಖ್ಯ. ಭಾನುವಾರ ಎಲ್ಲಿಸ್ ಬ್ರಿಡ್ಜ್ ಬಳಿ ಸಾಬರ್ಮತಿಯ ದಂಡೆಯಲ್ಲಿ ಸೇರುವ ಗುಜರಿ ಬಜಾರಿನಲ್ಲಿ ಹಳೆಯ ಬಿಡಿಭಾಗಗಳ ರಾಶಿ ನೋಡಿದಾಗಲೆಲ್ಲ, ಇವುಗಳಲ್ಲಿ ಯಾರ ಯಾರ ಲೆಕ್ಕಪತ್ರ, ಮದುವೆಯ ಫೋಟೊ, ಆಧಾರ್ ಪ್ರತಿ ಉಳಿದಿದೆಯೋ ಅನ್ನಿಸುತ್ತದೆ. ಅಳಿಸದೆ ಡಿಸ್ಕ್ ಮಾರಬೇಡಿ, ಮದರ್‌ಬೋರ್ಡನ್ನು ತೂಕಕ್ಕೆ ಹಾಕದೆ ನೋಂದಾಯಿತ ಇ-ತ್ಯಾಜ್ಯ ಮರುಬಳಕೆ ಘಟಕಕ್ಕೆ ಕೊಡಿ. ಅದಕ್ಕೂ ಮೊದಲು ಗುಜರಾತಿನ ಕನ್ನಡ ಮನೆಗಳಿಗೆ, ಸಂಘಗಳಿಗೆ ಒಂದು ಕೋರಿಕೆ. ನಿಮ್ಮ ಹಳೆಯ ಡೆಸ್ಕ್‌ಟಾಪಿನಲ್ಲಿ ಪೇಜ್‌ಮೇಕರಿನಲ್ಲಿ ಕಟ್ಟಿದ ಸ್ಮರಣಸಂಚಿಕೆಗಳಿರುತ್ತವೆ, ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಸದಸ್ಯರ ಲೇಖನ, ನಾಟಕ, ರಾಜ್ಯೋತ್ಸವದ ವರದಿಗಳಿರುತ್ತವೆ. ಆ ತಂತ್ರಾಂಶಗಳ ಅಕ್ಷರ ಶೈಲಿಯಿಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ, ನೋಡಿದವರು ಕೆಟ್ಟ ಕಡತವೆಂದು ಅಳಿಸಿಬಿಡುತ್ತಾರೆ. ಹಳೆಯ ಯಂತ್ರ ಇನ್ನೂ ಏಳುತ್ತಿರುವಾಗಲೇ ಅವನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿ, ಪುಟಗಳನ್ನು ಪಿಡಿಎಫ್ ಮಾಡಿ, ಎರಡು ಕಡೆ ಪ್ರತಿ ಇಡಿ. ಎಸ್‌ಎಸ್‌ಡಿ ಆಮೇಲೆ ಕೊಂಡರಾಯಿತು.