ಹಳದಿಯ ದೀಪ

ಮನೆಯಲ್ಲಿ ದೀಪ ಹತ್ತಿದೊಡನೆ ಕೈಮುಗಿಯುವುದು ನಮ್ಮಲ್ಲಿ ಬಹುಕಾಲದ ವಾಡಿಕೆ. ಮೋಟಾರು ಗಾಡಿಯಲ್ಲಿ ಸ್ಟಿಯರಿಂಗ್ ಚಕ್ರದ ಹಿಂದೆ ಎಂಜಿನ್ನಿನ ಆಕಾರದ ಒಂದು ಹಳದಿ ದೀಪವುಂಟು. ಅದು ಹತ್ತಿದಾಗ ಕೈಮುಗಿದವರನ್ನು ನಾನು ಕಂಡಿಲ್ಲ. ಕೀಲಿ ತಿರುಗಿಸಿದಾಗ ಬೆಳಗಿ, ಎಂಜಿನ್ ಓಡತೊಡಗಿದೊಡನೆ ಆರುವುದು ಅದರ ಧರ್ಮ. ಆರದೆ ನಿಂತರೂ, ನಡುದಾರಿಯಲ್ಲಿ ತಾನಾಗಿ ಹತ್ತಿದರೂ, ಒಳಗೆ ಏನೋ ಕ್ರಮ ತಪ್ಪಿದೆಯೆಂದು ತಿಳಿಯಬೇಕು. ಏನು ತಪ್ಪಿದೆಯೆಂಬುದನ್ನು ಮಾತ್ರ ಅದು ಹೇಳದು. ಎಣ್ಣೆಯ ದೀಪಕ್ಕೂ ಬ್ಯಾಟರಿಯ ದೀಪಕ್ಕೂ ಒಂದೊಂದೇ ಅರ್ಥ. ಈ ದೀಪಕ್ಕೆ ನೂರಾರು. ಕಳೆದ ವರ್ಷ ನಮ್ಮ ಮನೆಯ ಗಾಡಿಯಲ್ಲಿ ಇದು ಹತ್ತುವುದೂ ಆರುವುದೂ ಮತ್ತೆ ಹತ್ತುವುದೂ ಐದು ತಿಂಗಳ ಕಾಲ ನಡೆಯಿತು. ಗಾಡಿಯಿಟ್ಟುಕೊಂಡಿರುವ ಮನೆಗಳವರಿಗೆ ಪ್ರಯೋಜನವಾದೀತೆಂದು ಆ ವೃತ್ತಾಂತವನ್ನು ಇಲ್ಲಿ ಬರೆಯುತ್ತೇನೆ.

ಗಾಡಿಯ ಒಡೆಯನ ಸೌಕರ್ಯಕ್ಕಾಗಿ ಈ ದೀಪವನ್ನು ಇಟ್ಟಿದ್ದಾರೆಂದು ಬಹುಮಂದಿ ಭಾವಿಸುವರು. ಅದು ಹುಟ್ಟಿದುದು ಊರಿನ ಗಾಳಿಯ ಸಲುವಾಗಿ. ಗಾಡಿಗಳ ಹೊಗೆಯಿಂದ ಬೇಸತ್ತ ಕ್ಯಾಲಿಫೋರ್ನಿಯಾ ಪ್ರಾಂತದವರು, ಹೊಗೆ ಕೆಡುವಂತಹ ದೋಷವನ್ನು ಗಾಡಿಯೇ ಕಂಡುಹಿಡಿದು ತಿಳಿಸಬೇಕೆಂದು ನಿಯಮ ಮಾಡಿದರು. 1996ರ ಮಾದರಿಯಿಂದ ಅಮೆರಿಕದ ಕಾರುಗಳಿಗೆಲ್ಲ ಇದರ ಪೂರ್ಣರೂಪ ಕಡ್ಡಾಯವಾಯಿತು. ನಮ್ಮ ದೇಶದಲ್ಲಿ 2010ರ ಏಪ್ರಿಲಿನಲ್ಲಿ ಇದರ ಮೊದಲ ಮಟ್ಟವೂ 2013ರ ಏಪ್ರಿಲಿನಲ್ಲಿ ಎರಡನೆಯ ಮಟ್ಟವೂ ಜಾರಿಗೆ ಬಂದುವು. ಆದುದರಿಂದ ಗಾಡಿ ಸರಾಗವಾಗಿ ಓಡುತ್ತಿದ್ದರೂ ದೀಪ ಹತ್ತಿರಬಹುದು. “ಓಡುತ್ತಿದೆಯಲ್ಲ, ಇನ್ನೇನು?” ಎಂಬ ಸಮಾಧಾನಕ್ಕೆ ಇಲ್ಲಿ ಆಧಾರವಿಲ್ಲ.

ನಮ್ಮದು 2015ರ ಮಾದರಿಯ ನಾಲ್ಕು ಸಿಲಿಂಡರಿನ ಸಣ್ಣ ಪೆಟ್ರೋಲು ಗಾಡಿ. 2021ರ ಜೂನಿನಲ್ಲಿ ಪೆಟ್ರೋಲಿನ ಬೆಲೆ ಲೀಟರಿಗೆ ನೂರು ರೂಪಾಯಿಯ ಗೆರೆ ದಾಟಿತಷ್ಟೆ. ಮೈಸೂರಿನಲ್ಲಿಯೂ ಸಿ.ಎನ್.ಜಿ. ಅನಿಲ ದೊರೆಯತೊಡಗಿದ ಮೇಲೆ, ಗಾಡಿಗೆ ಅನಿಲದ ಕಿಟ್ಟು ಹಾಕಿಸಿ, ಅದನ್ನು ನೋಂದಣಿ ಪತ್ರದಲ್ಲಿ ಕ್ರಮವಾಗಿ ನಮೂದು ಮಾಡಿಸಿದೆವು. ಸಾಮಾನಿಡುವ ಡಿಕ್ಕಿಯ ಮುಕ್ಕಾಲು ಪಾಲನ್ನು ಉಕ್ಕಿನ ಸಿಲಿಂಡರು ನುಂಗಿತು. ಹಬ್ಬಕ್ಕೆ ಊರಿಗೆ ಹೋಗುವಾಗ ಹಲಸಿನಹಣ್ಣನ್ನು ಮಡಿಲಲ್ಲಿಟ್ಟುಕೊಳ್ಳುವಂತಾಯಿತು. ಅದನ್ನು ಬಿಟ್ಟರೆ ಮೊದಲ ದಿನಗಳಲ್ಲಿ ಲಾಭವೇ ಕಂಡಿತು. ಎಂಬತ್ತನಾಲ್ಕು ವರ್ಷದ ನನ್ನ ತಾಯಿಯವರನ್ನು ತಿಂಗಳಿಗೆ ಮೂರು ನಾಲ್ಕು ಬಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಒಮ್ಮೊಮ್ಮೆ ಅಪರಾತ್ರಿಯಲ್ಲಿ. ಈ ಗಾಡಿಯನ್ನು ನೆಚ್ಚಿಯೇ ನಮ್ಮ ಮನೆಯ ಧೈರ್ಯವಿದ್ದಿತು. ಹಾಗಿರಲು ದೀಪ ಹತ್ತಿತು.

ಕಿಟ್ಟು ಹಾಕಿದ ಗಾಡಿಯ ಒಳಗುಟ್ಟನ್ನು ಸ್ವಲ್ಪ ಹೇಳದೆ ಮುಂದಿನ ಸಂಗತಿ ತಿಳಿಯದು. ಮೂಲದ ಗಾಡಿಯಲ್ಲಿ ಒಂದು ಕಂಪ್ಯೂಟರು ಇರುವುದು. ಯಾವ ಗಳಿಗೆಯಲ್ಲಿ ಎಷ್ಟು ಪೆಟ್ರೋಲು ಬಿಡಬೇಕೆಂದು ಅದು ಅಪ್ಪಣೆ ಕೊಡುವುದು. ಒಂದು ತೂಕ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು. ಒಂದು ತೂಕ ಅನಿಲಕ್ಕಾದರೆ ಸುಮಾರು 17. ಅನಿಲ ಬಂದಿರುವ ವಿಷಯ ಮೂಲದ ಕಂಪ್ಯೂಟರಿಗೆ ಗೊತ್ತೇ ಇಲ್ಲ. ಅದು ತನ್ನ ಪಾಡಿಗೆ ಪೆಟ್ರೋಲಿನ ಲೆಕ್ಕದಲ್ಲಿಯೇ ಅಪ್ಪಣೆ ಕೊಡುತ್ತಿರುವುದು. ಕಿಟ್ಟಿನವರು ಇಡುವ ಎರಡನೆಯ ಕಂಪ್ಯೂಟರು ನಡುವೆ ದುಭಾಷಿಯಂತೆ ನಿಂತು, ಆ ಅಪ್ಪಣೆಯನ್ನು ಅನಿಲದ ಲೆಕ್ಕಕ್ಕೆ ತಿರುಗಿಸಿ ನಡೆಸುವುದು. ದುಭಾಷಿಯು ಸರಿಯಾಗಿ ಹೇಳಿದನೋ ಇಲ್ಲವೋ ಎಂಬುದು ದೊರೆಗೆ ತಿಳಿಯಲು ಒಂದೇ ದಾರಿ: ಹೊಗೆಯ ಕೊಳವೆಯಲ್ಲಿ ಕುಳಿತ ಆಮ್ಲಜನಕದ ಸೆನ್ಸರು. 1976ರಲ್ಲಿ ವೋಲ್ವೊ ಗಾಡಿಗಳಲ್ಲಿ ಮೊದಲು ಬಳಕೆಗೆ ಬಂದ ಈ ಪುಟ್ಟ ಉಪಕರಣವು ಉರಿದು ಉಳಿದ ಗಾಳಿಯಲ್ಲಿ ಆಮ್ಲಜನಕವೆಷ್ಟಿದೆಯೆಂದು ನೋಡಿ, ಒಂದು ವೋಲ್ಟಿಗೂ ಕಡಿಮೆಯಾದ ಸಂಜ್ಞೆಯಿಂದ ವರದಿ ಮಾಡುವುದು. ಇಂಧನ ಸಾಲದು ಎಂದು ವರದಿ ಬಂದರೆ ಕಂಪ್ಯೂಟರು ನೂರಕ್ಕೆ ಇಷ್ಟು ಎಂದು ಇಂಧನವನ್ನು ಹೆಚ್ಚಿಸುವುದು, ಹೆಚ್ಚಾಯಿತೆಂದರೆ ತಗ್ಗಿಸುವುದು. ಈ ತಿದ್ದುಪಡಿಯನ್ನು ಅದು ನೆನಪಿನಲ್ಲಿಯೂ ಇಟ್ಟುಕೊಳ್ಳುವುದು. ತಿದ್ದುಪಡಿ ನೂರಕ್ಕೆ ಇಪ್ಪತ್ತೈದರ ಆಸುಪಾಸಿಗೆ ಬಂದಿತೆಂದರೆ, “ಇನ್ನು ನನ್ನಿಂದಾಗದು” ಎಂಬಂತೆ ಒಂದು ಸಂಕೇತವನ್ನು ಬರೆದಿಟ್ಟು ಹಳದಿಯ ದೀಪವನ್ನು ಹಚ್ಚುವುದು.

ನಮ್ಮ ಗಾಡಿ ಬರೆದಿಟ್ಟ ಸಂಕೇತ ಪಿ 0171. ಮಿಶ್ರಣವು ತೆಳುವಾಗಿದೆ, ಎಂದರೆ ಗಾಳಿ ಹೆಚ್ಚು, ಇಂಧನ ಕಡಿಮೆ ಎಂದು ಅದರ ಅರ್ಥ. ಮೊದಲನೆಯ ಮೆಕ್ಯಾನಿಕ್ಕು ಇದನ್ನು ಓದಿ ಆಮ್ಲಜನಕದ ಸೆನ್ಸರನ್ನೇ ಬದಲಾಯಿಸಿದರು. ಕೆಟ್ಟ ಸುದ್ದಿ ತಂದ ದೂತನ ತಲೆ ತೆಗೆಯುತ್ತಿದ್ದ ರಾಜರ ಕಥೆಗಳು ನನಗೆ ನೆನಪಾದುವು. ಹತ್ತು ದಿನ ಕಳೆದು ದೀಪ ಮರಳಿತು. ಎರಡನೆಯವರು ವೃದ್ಧರು, ಅನುಭವಸ್ಥರು. ಬೆಳಗಿನ ತಣ್ಣನೆಯ ಗಾಡಿಯನ್ನು ಪೆಟ್ರೋಲಿನ ಮೇಲೆಯೇ ಒಂದು ಸುತ್ತು ಓಡಿಸಿ ತಂದು, ಸೈಲೆನ್ಸರಿನ ಬಳಿ ಬಗ್ಗಿ ಮೂಸಿ, “ಸ್ವಾಮಿ, ತೆಳು ಅಂತ ಯಾರು ಹೇಳಿದ್ದು? ಹಸಿ ಪೆಟ್ರೋಲು ವಾಸನೆ ಹೊಡೀತಾ ಇದೆ. ಇದು ದಟ್ಟ” ಎಂದರು. ಪ್ಲಗ್ಗುಗಳನ್ನು ಬಿಚ್ಚಿ ತೋರಿಸಿದರು. ಮಸಿ ಹಿಡಿದಿದ್ದುದು ದಿಟ. ಪ್ಲಗ್ಗು ಬದಲಾದುವು, ಇಂಜೆಕ್ಟರುಗಳು ಶುದ್ಧಿಯಾದುವು, ದೀಪ ಮತ್ತೆ ಹತ್ತಿತು. ಕಿಟ್ಟಿನ ಅಂಗಡಿಯ ಹುಡುಗನಿಗೆ ಇಷ್ಟೆಲ್ಲ ಚಿಂತೆಯಿರಲಿಲ್ಲ. “ಅನಿಲದ ಗಾಡಿಗೆ ಇದು ಇದ್ದದ್ದೇ ಸಾರ್. ಒಂದು ನಿಮಿಷ, ಅಳಿಸಿಬಿಡ್ತೀನಿ” ಎಂದು ಸ್ಕ್ಯಾನರು ಚುಚ್ಚಿ ಅಳಿಸಿಯೇ ಬಿಟ್ಟನು.

ಅಳಿಸುವುದರ ಪರಿಣಾಮವೇನೆಂದು ಬಲ್ಲವರು ಕಡಿಮೆ. ದೋಷ ಕಂಡ ಗಳಿಗೆಯಲ್ಲಿ ವೇಗವೆಷ್ಟು, ಎಂಜಿನ್ನಿನ ಕಾವೆಷ್ಟು, ಹೊರೆಯೆಷ್ಟು ಎಂಬ ಚಿತ್ರವೊಂದನ್ನು ಕಂಪ್ಯೂಟರು ತೆಗೆದಿಟ್ಟಿರುವುದು. ಅಳಿಸಿದರೆ ದೀಪದೊಡನೆ ಆ ಸಾಕ್ಷ್ಯವೂ ಹೋಯಿತು. ಗಾಡಿ ತನ್ನ ಮೇಲೆ ತಾನೇ ನಡೆಸಿಕೊಳ್ಳುವ ಪರೀಕ್ಷೆಗಳೂ ಮೊದಲಿಂದ ಆಗಬೇಕು. ಇದಲ್ಲದೆ ಈ ಬಗೆಯ ದೋಷಕ್ಕೆ ದೀಪ ಒಂದೇ ಸಲಕ್ಕೆ ಹತ್ತುವುದಿಲ್ಲ. ಸಾಮಾನ್ಯವಾಗಿ ಎರಡು ಪ್ರಯಾಣಗಳಲ್ಲಿ ಒಂದೇ ದೋಷ ಕಾಣಬೇಕು. ಮೂರು ಪ್ರಯಾಣಗಳಲ್ಲಿ ಕಾಣದಿದ್ದರೆ ತಾನಾಗಿ ಆರುವುದು. ರಿಪೇರಿಯಾದ ಮರುದಿನ ದೀಪವಿಲ್ಲದಿರುವುದು ರಿಪೇರಿಯ ಗುಣದಿಂದಲೇ ಎಂದು ಹೇಳುವಂತಿಲ್ಲ.

ಈ ನಡುವೆ ಮಿತ್ರರೊಬ್ಬರು ಒಂದು ಉಪಾಯ ಸೂಚಿಸಿದರು: ದೀಪವನ್ನು ಅಳಿಸಿಸಿ, ಅದು ಮತ್ತೆ ಹತ್ತುವುದರೊಳಗೆ ಗಾಡಿಯನ್ನು ಮಾರಿಬಿಡುವುದು. ಕೊಳ್ಳುವವರೂ ಸಿದ್ಧವಾಗಿದ್ದರು. ಹಳ್ಳಿಯೊಂದರಲ್ಲಿ ಪಾಠಶಾಲೆಯ ಉಪಾಧ್ಯಾಯರು. ಹೆಂಡತಿ, ಇಬ್ಬರು ಮಕ್ಕಳು. ಕೂಡಿಟ್ಟ ಹಣದಲ್ಲಿ ಮೊದಲ ಗಾಡಿ. ಮಿತ್ರರು ಕೆಟ್ಟವರಲ್ಲ, ಲೋಕದಲ್ಲಿ ನಡೆಯುವುದನ್ನೇ ಹೇಳಿದರು. ನಮ್ಮ ಮನೆಯಲ್ಲಿ ಎರಡು ರಾತ್ರಿ ಇದೇ ಮಾತಾಯಿತು. ಅಷ್ಟು ಹೊತ್ತಿಗೆ ಹದಿನಾಲ್ಕು ಸಾವಿರ ರೂಪಾಯಿ ಖರ್ಚಾಗಿದ್ದುದರಿಂದ, ಬೇಡವೆನ್ನುವುದು ಸುಲಭವಾಗಿರಲಿಲ್ಲ. ಕೊನೆಗೆ ನನ್ನ ಮಗಳು, “ಅಪ್ಪಾ, ಅಜ್ಜಿಯನ್ನು ಯಾವ ಗಾಡೀಲಿ ಕರೆದುಕೊಂಡು ಹೋಗೋದಕ್ಕೆ ನಾವು ಹೆದರುತ್ತೇವೋ ಆ ಗಾಡೀಲಿ ಅವರ ಮಕ್ಕಳು ಹೋಗಬೇಕೆ?” ಎಂದಳು. ಮಾರುವ ಮಾತು ಅಲ್ಲಿಗೆ ನಿಂತಿತು. ಉಪಾಧ್ಯಾಯರಿಗೆ ದೂರವಾಣಿಯಲ್ಲಿ ನಿಜವನ್ನೇ ತಿಳಿಸಿದೆವು.

ಆಮೇಲೆ ಕೆಲಸವನ್ನು ನಾವೇ ಕೈಗೆತ್ತಿಕೊಂಡೆವು. ಸ್ಟಿಯರಿಂಗಿನ ಕೆಳಗೆ ಹದಿನಾರು ಪಿನ್ನಿನ ಒಂದು ಸಾಕೆಟ್ಟಿರುವುದು. ಬೆಂಕಿಪೆಟ್ಟಿಗೆಯಷ್ಟು ಸಾಧನವೊಂದನ್ನು ಅದಕ್ಕೆ ಸಿಕ್ಕಿಸಿದರೆ ಕಂಪ್ಯೂಟರಿನ ತಿದ್ದುಪಡಿಗಳೆಲ್ಲ ಮೊಬೈಲಿನಲ್ಲಿ ಕಾಣುವುವು. ಮೊದಲು ಹದಿನೈದು ದಿನ ಅನಿಲವನ್ನು ಮುಟ್ಟದೆ ಪೆಟ್ರೋಲಿನಲ್ಲಿಯೇ ಓಡಿಸಿದೆವು. ಕ್ರಮೇಣ ತಿದ್ದುಪಡಿ ನೂರಕ್ಕೆ ಮೂರಕ್ಕೆ ಇಳಿಯಿತು, ದೀಪ ಹತ್ತಲಿಲ್ಲ, ಪೆಟ್ರೋಲಿನ ವಾಸನೆಯೂ ಹೋಯಿತು. ಮೂಲದ ಗಾಡಿ ಆರೋಗ್ಯವಾಗಿದೆಯೆಂಬುದು ಇಷ್ಟರಿಂದ ಸಿದ್ಧವಾಯಿತು. ಬಳಿಕ ಅನಿಲಕ್ಕೆ ತಿರುಗಿಸಿ ಅಂಗಳದಲ್ಲಿ ನಿಲ್ಲಿಸಿ ನೋಡಿದೆವು: ನಾಲ್ಕು. ಊರೊಳಗೆ ನಿಧಾನವಾಗಿ ಹೋದರೆ ಏಳೆಂಟು. ಬಯಲು ರಸ್ತೆಯಲ್ಲಿ ಅರವತ್ತರ ವೇಗಕ್ಕೆ ಹದಿಮೂರು. ಆಗ ಮಗಳು, “ಬೆಟ್ಟ ಹತ್ತಿಸೋಣ” ಎಂದಳು. ಚಾಮುಂಡಿಬೆಟ್ಟದ ಏರಿನಲ್ಲಿ ಅವಳು ಗಾಡಿ ನಡೆಸುತ್ತಿದ್ದರೆ ನಾನು ಪಕ್ಕದಲ್ಲಿ ಕುಳಿತು ಅಂಕಿಗಳನ್ನು ಗಟ್ಟಿಯಾಗಿ ಓದುತ್ತಿದ್ದೆನು. ಹದಿನೆಂಟು, ಇಪ್ಪತ್ತೊಂದು, ಇಪ್ಪತ್ನಾಲ್ಕು. ಒಂದು ತಿರುವಿನಲ್ಲಿ ಎಂಜಿನ್ ಮುಗ್ಗರಿಸಿತು. ಅದುವರೆಗೆ ಸ್ಥಿರವಾಗಿ ಹತ್ತುತ್ತಿದ್ದ ದೀಪ ಮಿನುಗತೊಡಗಿತು.

ಸ್ಥಿರವಾಗಿ ಹತ್ತಿದ ದೀಪಕ್ಕೂ ಮಿನುಗುವ ದೀಪಕ್ಕೂ ಬಹಳ ಅಂತರವುಂಟು. ಇದನ್ನು ಗಾಡಿ ನಡೆಸುವವರೆಲ್ಲ ತಿಳಿದಿರಬೇಕು. ಸಿಲಿಂಡರಿನಲ್ಲಿ ಇಂಧನ ಉರಿಯದೆ ಹಾಗೆಯೇ ಹೊರಬೀಳುತ್ತಿದೆಯೆಂದು ಮಿನುಗುವಿಕೆಯ ಅರ್ಥ. ಆ ಇಂಧನವು ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು, ಒಳಗಿನ ಜೇನುಗೂಡಿನಂತಹ ರಚನೆಯನ್ನು ಕರಗಿಸಿಬಿಡಬಲ್ಲದು. ಅಂತಹ ಗಳಿಗೆಯಲ್ಲಿ ಒತ್ತಡ ತಗ್ಗಿಸಬೇಕು. ಮಗಳು ಕೂಡಲೆ ಪೆಟ್ರೋಲಿಗೆ ತಿರುಗಿಸಿದಳು, ಎಂಜಿನ್ ಸರಿಹೋಯಿತು.

ಇಬ್ಬರು ಮೆಕ್ಯಾನಿಕ್ಕುಗಳೂ ಹೇಗೆ ನಿಜ ನುಡಿದಿದ್ದರೆಂಬುದು ಆ ತಿರುವಿನಲ್ಲಿ ನನಗೆ ಹೊಳೆಯಿತು. ಏರಿನಲ್ಲಿ ದುಭಾಷಿಯು ಅನಿಲವನ್ನು ಕಡಿಮೆ ಬಿಡುತ್ತಿದ್ದುದರಿಂದ ಮಿಶ್ರಣ ತೆಳುವಾಗುತ್ತಿದ್ದಿತು. ದೊರೆ ಅದನ್ನು ಸರಿದೂಗಿಸಲು ಇಂಧನವನ್ನು ಹೆಚ್ಚಿಸಿ, ಆ ಹೆಚ್ಚಳವನ್ನು ನೆನಪಿನಲ್ಲಿಟ್ಟುಕೊಳ್ಳುತ್ತಿದ್ದನು. ಮರುದಿನ ಬೆಳಿಗ್ಗೆ ಗಾಡಿ ಪೆಟ್ರೋಲಿನಲ್ಲಿ ಹೊರಟಾಗ ಪೆಟ್ರೋಲಿಗೂ ಅದೇ ಹೆಚ್ಚಳ ಅನ್ವಯಿಸಿ ಮಿಶ್ರಣ ದಟ್ಟವಾಗುತ್ತಿದ್ದಿತು. ಸೆನ್ಸರು ಹೇಳಿದುದೂ ದಿಟ, ಮೂಗು ಹೇಳಿದುದೂ ದಿಟ.

ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಕಿಟ್ಟಿನ ಅಂಗಡಿಗೆ ಒಯ್ದೆವು. ಹುಡುಗ ಈ ಸಲ ಸ್ಕ್ಯಾನರಿಗೆ ಕೈಹಾಕಲಿಲ್ಲ. ಹಾಳೆಯನ್ನು ಎರಡು ಬಾರಿ ಓದಿದನು. ಹಾಕಿದ ದಿನ ಹೊಂದಿಸಿದುದು ಹೇಗೆಂದು ಕೇಳಿದಾಗ, ಅಂಗಡಿಯ ಮುಂದೆ ನಿಲ್ಲಿಸಿಕೊಂಡು ಎಂದನು. ನಿಂತ ಗಾಡಿಗೆ ಹೊಂದಿದ ಲೆಕ್ಕ ಹೊರೆ ಹೊತ್ತು ಬೆಟ್ಟ ಹತ್ತುವ ಗಾಡಿಗೆ ಹೊಂದಬೇಕೆಂಬ ನಿಯಮವಿಲ್ಲವಷ್ಟೆ. ಅನಿಲದ ಫಿಲ್ಟರನ್ನು ಬಿಚ್ಚಿದರೆ ಕಪ್ಪಾದ ಎಣ್ಣೆ ಹಿಡಿದಿದ್ದಿತು. ಬಂಕಿನಲ್ಲಿ ಅನಿಲವನ್ನು ಸುಮಾರು 200 ಬಾರ್ ಒತ್ತಡಕ್ಕೆ ಒತ್ತುವ ಯಂತ್ರದ ಎಣ್ಣೆಯಂಶ ಅನಿಲದೊಡನೆ ಬರುವುದುಂಟು. ಅದೂ ಏರಿನಲ್ಲಿ ಅನಿಲವನ್ನು ತಡೆಯುತ್ತಿದ್ದಿರಬೇಕು. ಫಿಲ್ಟರು ಬದಲಾಯಿಸಿ, ಹುಡುಗ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕುಳಿತನು. ಎರಡು ಸಲ ಬೆಟ್ಟ ಹತ್ತಿ ಇಳಿದೆವು. ವೇಗ ವೇಗಕ್ಕೂ, ಹೊರೆ ಹೊರೆಗೂ ಅವನು ಲೆಕ್ಕವನ್ನು ತಿದ್ದುತ್ತ ಬಂದನು. ಎರಡನೆಯ ಸಲ ಏರಿನಲ್ಲಿ ಅಂಕಿ ಐದನ್ನು ಮೀರಲಿಲ್ಲ. “ಈಗ ಅಳಿಸ್ಲಾ ಸಾರ್?” ಎಂದನು. ಬೇಡವೆಂದೆವು.

ಮುಂದಿನ ಮೂರು ದಿನವೂ ಮಗಳು ಅದೇ ಏರನ್ನು ಹತ್ತಿಸಿದಳು. ನಾಲ್ಕನೆಯ ಬೆಳಿಗ್ಗೆ ಎಂಜಿನ್ ಓಡತೊಡಗಿದೊಡನೆ ದೀಪ ತಾನಾಗಿ ಆರಿತು. ಒಂಬತ್ತು ತಿಂಗಳಾದುವು, ಮರಳಿಲ್ಲ. ಉಪಾಧ್ಯಾಯರು ಬೇರೆ ಗಾಡಿ ಕೊಂಡರು. ಕೊಳ್ಳುವ ಮುನ್ನ ನಮ್ಮ ಪುಟ್ಟ ಸಾಧನವನ್ನು ಎರಡು ದಿನಕ್ಕೆಂದು ಒಯ್ದಿದ್ದರು. ಆ ಹುಡುಗ ಈಗ ಕಿಟ್ಟು ಹಾಕಿದ ಗಾಡಿಗಳನ್ನೆಲ್ಲ ಬೆಟ್ಟ ಹತ್ತಿಸಿ ನೋಡಿದ ಮೇಲೆಯೇ ಒಡೆಯರಿಗೆ ಒಪ್ಪಿಸುವನಂತೆ. ಅದಕ್ಕಾಗಿ ಐನೂರು ರೂಪಾಯಿ ಹೆಚ್ಚು ಕೇಳುವನೆಂದೂ, ಗಿರಾಕಿಗಳು ಚೌಕಾಸಿ ಮಾಡಿ ಇನ್ನೂರಕ್ಕೆ ಇಳಿಸುವರೆಂದೂ ಕೇಳಿದೆನು.