ಕಾಡುಪಾಪಕ್ಕೆ ನಾನಿಟ್ಟ ಬಾಲ

ಯಾವ ಪ್ರಾಣಿಯನ್ನಾದರೂ ಮುದ್ದಾಗಿಸುವುದಕ್ಕೆ ಒಂದು ಲೆಕ್ಕವಿದೆ. ತಲೆ ದೊಡ್ಡದಿರಬೇಕು, ಹಣೆ ಉಬ್ಬಿರಬೇಕು, ಕಣ್ಣುಗಳು ಮುಖದ ನಡುಗೆರೆಗಿಂತ ಕೆಳಗೆ ಕೂರಬೇಕು, ಕೆನ್ನೆ ತುಂಬಿಕೊಂಡಿರಬೇಕು, ಕೈಕಾಲು ಗಿಡ್ಡಗೆ, ದಪ್ಪಗೆ ಇರಬೇಕು. ಎಳೆಗೂಸಿನ ಈ ಲಕ್ಷಣಗಳೇ ನಮ್ಮಲ್ಲಿ ಅಕ್ಕರೆ ಉಕ್ಕಿಸುತ್ತವೆ ಎಂದು ಆಸ್ಟ್ರಿಯಾದ ವಿಜ್ಞಾನಿ ಕಾನ್ರಾಡ್ ಲೊರೆನ್ಸ್ 1943ರಲ್ಲಿ ಬರೆದರು. 1928ರಲ್ಲಿ ಚೂಪು ಮೂತಿಯ ತುಂಟ ಇಲಿಯಾಗಿದ್ದ ಮಿಕ್ಕಿ ಮೌಸ್, ಐವತ್ತು ವರ್ಷಗಳಲ್ಲಿ ತಲೆ ಮತ್ತು ಕಣ್ಣು ಹಿಗ್ಗಿಸಿಕೊಳ್ಳುತ್ತ ಹೇಗೆ ಮಗುವಿನಂತಾಗಿಬಿಟ್ಟ ಎಂಬುದನ್ನು ಸ್ಟೀಫನ್ ಜೇ ಗೂಲ್ಡ್ 1979ರ ಒಂದು ಪ್ರಬಂಧದಲ್ಲಿ ಅಳತೆ ಹಿಡಿದೇ ತೋರಿಸಿದರು.

ಈ ಲೆಕ್ಕ ಸುಳ್ಳಲ್ಲ. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವವರಿಗೆ ಅದು ಕೈಗೆ ಸಿಕ್ಕ ವರವೇ. ನಾನು ಬಳಸುವುದು ಇಂಕ್‌ಸ್ಕೇಪ್, 2003ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿರುವ ತಂತ್ರಾಂಶ. ಅದರಲ್ಲಿ ಒಂದು ದೊಡ್ಡ ವೃತ್ತ, ಕೆಳಗೊಂದು ಮೊಟ್ಟೆಯಾಕಾರ, ಎರಡನ್ನೂ ಯೂನಿಯನ್ ಕೊಟ್ಟು ಬೆಸೆದರೆ ಮೈ ಸಿದ್ಧ. ಒಂದು ಕಣ್ಣು ಮಾಡಿ, ನಕಲು ತೆಗೆದು, ಫ್ಲಿಪ್ ಒತ್ತಿದರೆ ಇನ್ನೊಂದು ಕಣ್ಣೂ ಆಯಿತು. ಕಿವಿ ಉದ್ದ ಮಾಡಿದರೆ ಮೊಲ, ಗುಂಡಗೆ ಮಾಡಿದರೆ ಕರಡಿ, ಚೂಪು ಮಾಡಿದರೆ ಬೆಕ್ಕು. ವರ್ಷಗಟ್ಟಲೆ ಹೀಗೇ ದುಡಿದೆ, ಯಾರೂ ಬೇಡವೆನ್ನಲಿಲ್ಲ.

ಆಮೇಲೆ ಕಾಡುಪಾಪದ ಕೆಲಸ ಬಂತು. ತುಮಕೂರು ಸೀಮೆಯ ಹಳ್ಳಿಗಳ ಮಕ್ಕಳಿಗೆಂದೇ ಒಂದು ಚಿತ್ರಪುಸ್ತಕ. ಆ ಕಡೆ ಹೊಲದ ಬೇಲಿಗಳಲ್ಲಿ, ಜಾಲಿ ಪೊದೆಗಳಲ್ಲಿ ಕಾಡುಪಾಪ ಇಂದಿಗೂ ಇದೆ. ಹಗಲೆಲ್ಲ ಮುದುಡಿ ಮಲಗಿ, ಕತ್ತಲಾದ ಮೇಲೆ ಹುಳು ಹುಪ್ಪಟೆ ಹುಡುಕಿಕೊಂಡು ಕೊಂಬೆಯಿಂದ ಕೊಂಬೆಗೆ ಸಾಗುವ, ಕಾಲು ಕಿಲೋ ಆಸುಪಾಸು ತೂಗುವ ಜೀವ. ಕಂಡರೆ ಕೇಡು ಎನ್ನುವ ಭಯ ಒಂದು ಕಡೆ, ಮಾಟಕ್ಕೂ ನಾಟಿ ಔಷಧಕ್ಕೂ ಅದನ್ನು ಹಿಡಿಯುವವರು ಇನ್ನೊಂದು ಕಡೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅದರ ಹೆಸರಿದೆ, ಆದರೆ ರಾತ್ರಿ ಬೇಲಿ ಪಕ್ಕ ಕಾಯ್ದೆ ಕಾವಲು ಕೂರುವುದಿಲ್ಲ. ಕಾಯಬೇಕಾದವರು ಆ ಊರಿನ ಮಕ್ಕಳು. ಅವರಿಗೆ ಅದರ ಮೇಲೆ ಪ್ರೀತಿ ಹುಟ್ಟಬೇಕು. ಪುಸ್ತಕದ ಉದ್ದೇಶ ಅಷ್ಟೇ.

ನಾನು ಬೆಂಗಳೂರಿನ ಮನೆಯಲ್ಲೇ ಕೂತು, ಗೂಗಲ್‌ನಲ್ಲಿ ಸಿಕ್ಕ ನಾಲ್ಕಾರು ಫೋಟೋ ಪಕ್ಕಕ್ಕಿಟ್ಟುಕೊಂಡು ಬರೆದೆ. ಕಣ್ಣು ಹೇಗೂ ದೊಡ್ಡವು, ತಲೆ ಹೇಗೂ ಗುಂಡಗೆ, ಅರ್ಧ ಕೆಲಸ ಪ್ರಕೃತಿಯೇ ಮಾಡಿಟ್ಟಿದೆ ಅನಿಸಿತ್ತು. ಉಳಿದರ್ಧ ನನ್ನ ಲೆಕ್ಕಕ್ಕೆ ಒಗ್ಗಲಿಲ್ಲ. ಕಾಡುಪಾಪದ ಕೈಕಾಲು ತೀರಾ ಸಣ್ಣ, ತೀರಾ ಉದ್ದ. ಮೂತಿ ಚೂಪು. ನಾನು ಕೈಗಳನ್ನು ಗಿಡ್ಡ ಮಾಡಿ ಊದಿಸಿದೆ, ಮೂತಿಯನ್ನು ಒಳಕ್ಕೆ ಒತ್ತಿದೆ. ಪುಟದ ಎಡಮೂಲೆ ಖಾಲಿ ಹೊಡೆಯುತ್ತಿತ್ತು. ಅಲ್ಲಿಗೊಂದು ಸುರುಳಿ ಬಾಲ ಎಳೆದೆ. ಫೋಟೋಗಳಲ್ಲಿ ಬಾಲ ಕಾಣದಿದ್ದದ್ದು ನನ್ನ ಗಮನಕ್ಕೆ ಬಂದಿತ್ತು. ಎಲೆ ಮರೆಯಲ್ಲಿರಬಹುದು ಎಂದುಕೊಂಡು ಯಾರನ್ನೂ ವಿಚಾರಿಸಲಿಲ್ಲ. ಪ್ರಕಾಶಕರಿಗೆ ಚಿತ್ರ ತುಂಬಾ ಹಿಡಿಸಿತು. ಅಚ್ಚಿಗೆ ಹೋಯಿತು.

ಪುಸ್ತಕ ಹಂಚಲು ಹೋದ ಶಾಲೆಗಳಲ್ಲಿ ಒಂದು ಕಡೆ ನಾಲ್ಕನೇ ತರಗತಿಯ ಮಕ್ಕಳ ಜೊತೆ ಕೂತಿದ್ದೆ. ಮುಖಪುಟ ನೋಡಿ ಮಕ್ಕಳು ಖುಷಿಪಟ್ಟರು. ಇದೇನು ಹೇಳಿ ಎಂದಾಗ ಕರಡಿ ಮರಿ ಅಂದರು, ಕೋತಿ ಮರಿ ಅಂದರು. ಕಾಡುಪಾಪ ಎಂದು ನಾನೇ ಹೇಳಿದಾಗ ಕಿಟಕಿ ಪಕ್ಕದ ಹುಡುಗಿಯೊಬ್ಬಳು ಎದ್ದುನಿಂತಳು. "ಅಲ್ಲ ಮಿಸ್. ಅದಕ್ಕೆ ಬಾಲ ಇರಲ್ಲ. ಕೈಯೆಲ್ಲ ಕಡ್ಡಿ ಕಡ್ಡಿ ಇರ್ತಾವೆ. ನಮ್ ತಾತ ತೋರ್ಸೈತೆ." ಸರಿ, ಹಾಗಾದರೆ ನಿಜವಾದ ಕಾಡುಪಾಪ ಕಂಡರೆ ಏನು ಮಾಡ್ತೀಯಮ್ಮ ಎಂದು ಕೇಳಿದೆ. "ಭಯ ಆಗುತ್ತೆ" ಅಂದಳು. ಪುಸ್ತಕವನ್ನು ಎದೆಗೊತ್ತಿಕೊಂಡೇ ಅಂದಳು.

ಬಾಲದ ತಪ್ಪನ್ನು ಎರಡನೇ ಮುದ್ರಣದಲ್ಲಿ ಅಳಿಸಬಹುದು. ನನ್ನನ್ನು ಕಾಡಿದ್ದು ಆ ಕೊನೆಯ ಉತ್ತರ. ಮಕ್ಕಳ ಅಕ್ಕರೆಯೆಲ್ಲ ನಾನು ಕಟ್ಟಿದ ಬೊಂಬೆಗೆ ಸಂದಿತ್ತು. ಬೇಲಿಯಲ್ಲಿ ಬದುಕುವ ಪ್ರಾಣಿಗೆ ಒಂದು ಚೂರೂ ಮುಟ್ಟಿರಲಿಲ್ಲ. ಯಾವ ಕಡ್ಡಿ ಕೈ, ಯಾವ ಚೂಪು ಮೂತಿ ಅವರಿಗೆ ವಿಕಾರವಾಗಿ ಕಂಡು ಹೆದರಿಸುತ್ತಿತ್ತೋ ಅದನ್ನೇ ನಾನೂ ವಿಕಾರವೆಂದು ತೆಗೆದುಹಾಕಿದ್ದೆ. ಆ ಭಯಕ್ಕೆ ನನ್ನ ಚಿತ್ರವೇ ಸಾಕ್ಷಿ ಹೇಳಿದಂತಾಯಿತು. ಇದನ್ನು ನಾನು ಸಣ್ಣ ತಪ್ಪೆಂದು ಎಣಿಸಲಾರೆ.

ಅದೇ ಊರಿನ ಹಿರಿಯರೊಬ್ಬರು ಮುಂದೊಂದು ರಾತ್ರಿ ನನ್ನನ್ನು ಬೇಲಿ ಸಾಲಿಗೆ ಕರೆದುಕೊಂಡು ಹೋದರು. ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡಿದ್ದರು. "ಬಿಳಿ ಬೆಳಕು ಹಾಕಬ್ಯಾಡಿ ಮೇಡಂ, ಅದ್ರ ಕಣ್ಣಿಗೆ ಕುಕ್ಕುತ್ತೆ." ಜಾಲಿ ಮರದಲ್ಲಿ ಎರಡು ಕೆಂಡದ ಚುಕ್ಕಿ ಹೊಳೆದವು. ಕಣ್ಣು ಹೊಂದಿಕೊಂಡ ಮೇಲೆ ಮೈ ಕಂಡಿತು. ಹಿಂಗಾಲುಗಳಿಂದ ಕೊಂಬೆ ಹಿಡಿದು, ಮೈಯನ್ನು ಮುಂದಕ್ಕೆ ಚಾಚಿ, ಎರಡೂ ಕೈ ಒಟ್ಟಿಗೆ ನೀಡಿ ಅದು ಏನನ್ನೋ ಹಿಡಿಯಿತು. ಆ ಉದ್ದನೆಯ ಕೈಗಳು ಯಾತಕ್ಕೆ ಎಂಬುದು ಅಲ್ಲಿ ತಿಳಿಯಿತು. ಅವಿಲ್ಲದೆ ಅದಕ್ಕೆ ಊಟವಿಲ್ಲ, ಒಂದು ಮರದಿಂದ ಇನ್ನೊಂದಕ್ಕೆ ದಾಟುವುದೂ ಇಲ್ಲ. ನೆಗೆಯುವ ಪ್ರಾಣಿಯಲ್ಲ ಅದು.

ಮನೆಗೆ ಬಂದು ಹಳೆಯ ಫೈಲ್ ತೆರೆದು ನೋಡಿದಾಗ, ಆ ಚಿತ್ರ ಯಾಕೋ ಸತ್ತಂತಿದೆ ಅನಿಸುತ್ತಿದ್ದುದಕ್ಕೂ ಕಾರಣ ಸಿಕ್ಕಿತು. ಕಣ್ಣಿನ ಹೊಳಪಿಗೆಂದು ಬಲಗಣ್ಣಿನ ಮೇಲೊಂದು ಬಿಳಿ ಚುಕ್ಕಿ ಇಟ್ಟಿದ್ದೆ. ಕಣ್ಣನ್ನು ಫ್ಲಿಪ್ ಮಾಡಿದಾಗ ಚುಕ್ಕಿಯೂ ತಿರುಗಿತ್ತು. ಒಂದು ಕಣ್ಣಿಗೆ ಬೆಳಕು ಎಡದಿಂದ, ಇನ್ನೊಂದಕ್ಕೆ ಬಲದಿಂದ. ಹಾಗಾಗಿ ಅದು ಯಾವ ಕಡೆಗೂ ನೋಡುತ್ತಿರಲಿಲ್ಲ. ಈಗ ಚುಕ್ಕಿಯಿಲ್ಲದ ಕಣ್ಣನ್ನಷ್ಟೇ ತಿರುಗಿಸಿ, ಹೊಳಪನ್ನು ಮೇಲೊಂದು ಲೇಯರಿನಲ್ಲಿ ಎರಡಕ್ಕೂ ಒಂದೇ ಪಕ್ಕಕ್ಕೆ ಇಡುತ್ತೇನೆ. ಅಷ್ಟರಿಂದಲೇ ಪ್ರಾಣಿ ನಮ್ಮನ್ನು ದಿಟ್ಟಿಸತೊಡಗುತ್ತದೆ. ಇದನ್ನು ಕಲಿಯುತ್ತಿರುವ ಎಲ್ಲರಿಗೂ ಒತ್ತಿ ಹೇಳುತ್ತೇನೆ, ಏಕೆಂದರೆ ಕಣ್ಣಿನ ಬಣ್ಣಕ್ಕೆ ಗಂಟೆಗಟ್ಟಲೆ ಗ್ರೇಡಿಯೆಂಟ್ ತಿದ್ದಿಕೊಂಡು ಕೂತವರೂ ಈ ಚುಕ್ಕಿಯನ್ನು ನೋಡಿಕೊಂಡಿರುವುದಿಲ್ಲ.

ಕೈಗಳದ್ದು ದೊಡ್ಡ ಕೆಲಸ. ಮೊದಲು ಪೆನ್ಸಿಲ್ ಟೂಲ್ ಹಿಡಿದು ಎಳೆಯುತ್ತಿದ್ದೆ; ಒಂದು ತೋಳಿನ ಗೆರೆಗೆ ರಾಶಿ ನೋಡ್‌ಗಳು ಬಿದ್ದು, ಒಂದನ್ನು ಸರಿಸಿದರೆ ಪಕ್ಕದಲ್ಲಿ ಗೆರೆ ಗಂಟಾಗುತ್ತಿತ್ತು. ಈಗ ಹೆಗಲಿಗೊಂದು, ಮೊಣಕೈಗೊಂದು, ಮಣಿಕಟ್ಟಿಗೊಂದು ನೋಡ್ ಅಷ್ಟೇ. ಅದೊಂದು ಬರೀ ಗೆರೆ. ಅದರ ಮೇಲೆ ಪವರ್ ಸ್ಟ್ರೋಕ್ ಹಾಕಿ ಹೆಗಲ ಬಳಿ ತುಸು ದಪ್ಪ, ಮಣಿಕಟ್ಟಿನ ಬಳಿ ಸಣ್ಣ ಮಾಡುತ್ತೇನೆ. ಮೊಣಕೈಯ ನೋಡ್ ಒಂದನ್ನು ಜರುಗಿಸಿದರೆ ಇಡೀ ತೋಳು ಚಾಚಿಕೊಳ್ಳುತ್ತದೆ. ಬೆರಳುಗಳನ್ನೂ ಸಮನಾಗಿ ಬರೆಯಬಾರದು. ಕಾಡುಪಾಪದ ತೋರುಬೆರಳು ಬಹಳ ಗಿಡ್ಡ, ಹೆಬ್ಬೆರಳು ದೂರ ಸರಿದಿರುತ್ತದೆ, ಕೈ ಇಕ್ಕಳದಂತೆ ಕೊಂಬೆಯನ್ನು ಕಚ್ಚಿ ಹಿಡಿಯುತ್ತದೆ. ಹೆಬ್ಬೆರಳನ್ನು ಕೊಂಬೆಯ ಹಿಂದಿನ ಲೇಯರಿಗೆ, ಉಳಿದ ಬೆರಳುಗಳನ್ನು ಮುಂದಿನ ಲೇಯರಿಗೆ ಹಾಕಿದಾಗ ಆ ಹಿಡಿತಕ್ಕೆ ಬಲ ಬಂತು. ಮೊದಲ ಚಿತ್ರದಲ್ಲಿ ಕೈಯನ್ನು ಸುಮ್ಮನೆ ಕೊಂಬೆಯ ಮೇಲೆ ಅಂಟಿಸಿದ್ದೆ.

ಲೊರೆನ್ಸ್ ಹೇಳಿದ ಲೆಕ್ಕವನ್ನು ನಾನು ಕೈಬಿಟ್ಟಿಲ್ಲ. ತಲೆಯನ್ನು ಇದ್ದುದಕ್ಕಿಂತ ಕೊಂಚ ಹಿಗ್ಗಿಸಿದ್ದೇನೆ, ಕಣ್ಣುಗಳನ್ನು ಕೊಂಚ ಕೆಳಗಿಳಿಸಿದ್ದೇನೆ. ಎರಡು ಕಣ್ಣಿನ ನಡುವೆ ಮೂಗಿನವರೆಗೆ ಇಳಿಯುವ ಬಿಳಿ ಪಟ್ಟೆಯನ್ನು, ಮೂತಿಯ ಚೂಪನ್ನು, ಕಡ್ಡಿ ಕೈಯನ್ನು ಹಾಗೇ ಉಳಿಸಿಕೊಂಡಿದ್ದೇನೆ. ಮುದ್ದು ಕಡಿಮೆಯಾಗಿಲ್ಲ ಎಂಬುದು ನನ್ನ ನಂಬಿಕೆ. ಪೂರ್ತಿ ಚಾಚಿದ ಆ ತೋಳುಗಳೇ ಈಗ ಮೊದಲು ಕಣ್ಣಿಗೆ ಬೀಳುತ್ತವೆ, ಯಾರನ್ನೋ ಕರೆಯುವ ಹಾಗೆ.

ಹೊಸ ಚಿತ್ರದಲ್ಲಿ ಅದರ ಕೈಯಲ್ಲೊಂದು ಮಿಡತೆಯಿದೆ, ಒಂದು ಕಾಲು ಆಗಲೇ ಬಾಯೊಳಗೆ. ಮಕ್ಕಳ ಪುಸ್ತಕದಲ್ಲಿ ಇದು ಬೇಡ, ಮಿಡತೆ ತೆಗೆದುಬಿಡಿ ಎಂದು ಪ್ರಕಾಶಕರು ಹೇಳುತ್ತಿದ್ದಾರೆ. ತೆಗೆಯುವುದಿಲ್ಲ ಎಂದು ಬರೆದಿದ್ದೇನೆ. ರಾಗಿ, ಅವರೆ ಬೆಳೆಯುವ ಮನೆಗಳ ಮಕ್ಕಳು ಅವರು. ಮಿಡತೆ ತಿನ್ನುವ ಪ್ರಾಣಿ ಹೊಲದ ಬೇಲಿಯಲ್ಲಿದ್ದರೆ ಯಾರಿಗೆ ಒಳ್ಳೆಯದು ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪುಸ್ತಕ ಮತ್ತೆ ಅಚ್ಚಾಗುವ ಮೊದಲು ಈ ಚಿತ್ರವನ್ನು ಆ ಹುಡುಗಿಗೂ ಅವಳ ತಾತನಿಗೂ ತೋರಿಸಬೇಕೆಂದು ಪಟ್ಟು ಹಿಡಿದಿದ್ದೇನೆ. ಅದಕ್ಕೆ ಮಾತ್ರ ಪ್ರಕಾಶಕರು ಒಪ್ಪಿದ್ದಾರೆ.